ಹಾಲೇಶಮಾವನ ಭಾನುವಾರದ ಪ್ರಸಾರ

ಮೊನ್ನೆ ಹೊನ್ನಾಳಿಯಿಂದ ನ್ಯಾಮತಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ, ಗೋವಿನಕೋವಿಯ ಹತ್ತಿರ ಮೆಕ್ಕೆಜೋಳದ ಹೊಲವೊಂದರಿಂದ ಫಳಾರನೆ ಬೆಳಕು ಬಂದು ಕಣ್ಣಿಗೆ ಹೊಡೆಯಿತು. ಬೈಕು ನಿಲ್ಲಿಸಿ ನೋಡಿದೆ. ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ದಾರದ ತುಂಬ ಹಳೆಯ ಸೀಡಿ, ಡೀವೀಡಿಗಳನ್ನು ನೇತುಹಾಕಿದ್ದರು. ಗಾಳಿ ಬೀಸಿದಾಗಲೆಲ್ಲ ಅವು ಗಿರ್ರನೆ ತಿರುಗುತ್ತಿದ್ದವು. ಬದುವಿನ ಮೇಲೆ ಕೂತಿದ್ದ ಹೊಲದ ಯಜಮಾನ, ನಾನು ಯಾವುದೋ ಇಲಾಖೆಯಿಂದ ಬಂದವನಿರಬೇಕೆಂದು ಎದ್ದು ನಿಂತ.

"ಹಕ್ಕಿ ಕಾಟ ರೀ. ಅದಕ್ಕೇ ಕಟ್ಟೀನಿ," ಎಂದ, ನಾನು ಕೇಳುವ ಮೊದಲೇ.

ಕೈಗೆ ಸಿಕ್ಕಿದ ಒಂದು ಡಿಸ್ಕನ್ನು ಹಿಡಿದು ನೋಡಿದೆ. ಅರ್ಧ ಮಾಸಿದ ಚಿತ್ರದಲ್ಲಿ ರೆಕ್ಕೆ ಬಿಚ್ಚಿದ ಕೊಕ್ಕರೆ. ಹಕ್ಕಿಗಳ ಬದುಕನ್ನು ಜಗತ್ತಿಗೆ ತೋರಿಸಬೇಕೆಂದು ಯಾರೋ ಪರದೇಶದ ಪುಣ್ಯಾತ್ಮರು ಚಳಿಯಲ್ಲಿ ಕೂತು ತೆಗೆದ ಸಾಕ್ಷ್ಯಚಿತ್ರ ಅದು. ಈಗ ಗೋವಿನಕೋವಿಯಲ್ಲಿ ಗಿಳಿ ಓಡಿಸುವ ಕೆಲಸಕ್ಕೆ ಸೇರಿಕೊಂಡಿದೆ. "ಹೆದರ್ತಾವಾ ಇದಕ್ಕೆ?" ಎಂದೆ. "ಮೊದಮೊದಲು ಹೆದರ್ತಿದ್ವು ರೀ. ಈಗ ಬಂದು ಇದನ್ನೇ ನೋಡ್ಕೋತ ತಿಂತಾವೆ," ಎಂದು ಆತ ಬೇಸರದಿಂದ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ. ಡೀವೀಡಿಯ ಮುಂದೆ ಕೂತು ನಾವು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? ಅಲ್ಲಿಂದ ನ್ಯಾಮತಿ ತಲುಪುವವರೆಗೂ ತಲೆಯ ತುಂಬ ಹಾಲೇಶಮಾವನ ಸೀಟಿಯೇ ಕೂಗುತ್ತಿತ್ತು.

ಹಾಲೇಶಮಾವ ಎಂದರೆ ನನ್ನ ಸೋದರಮಾವ. ನಾನು ಜಗಳೂರಿನವನು. ಮೇಷ್ಟರ ಕೆಲಸ ಸಿಕ್ಕ ಹೊಸತರಲ್ಲಿ ನನ್ನನ್ನು ನ್ಯಾಮತಿಗೆ ಹಾಕಿದರು. ಬಾಡಿಗೆ ಮನೆ ಸಿಗುವ ತನಕ ನಾಲ್ಕು ದಿನ ಇರುತ್ತೇನೆಂದು ಟ್ರಂಕು ಹೊತ್ತು ಮಾವನ ಮನೆಗೆ ಹೋದವನು ಎರಡು ವರ್ಷ ಅಲ್ಲೇ ಇದ್ದೆ. ಬಾಡಿಗೆ ಮನೆಯನ್ನು ನಾನು ಹುಡುಕಲೇ ಇಲ್ಲವೆಂದು ಈಗ ಹೇಳಿದರೂ ಯಾರಿಗೂ ಆಶ್ಚರ್ಯವಾಗಲಾರದು. ಮಾವನ ಹೆಂಡತಿ ಗಿರಿಜತ್ತೆಯ ಕೈಯಡುಗೆ ಉಂಡವರು ಮನೆ ಹುಡುಕುವಷ್ಟು ಮೂರ್ಖರಾಗಿರುವುದಿಲ್ಲ.

ಮಾವ ನ್ಯಾಮತಿಯ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ನೋಡಿ ಸೀಟಿ ಊದುವುದು ಅವರ ಕೆಲಸ. ಅವರ ಸೀಟಿ ಬಿದ್ದ ಮೇಲೆ ಬಸ್ಸು ನಿಂತದ್ದುಂಟೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಗಳನ್ನು ಕೊಟ್ಟ ತ್ಯಾವಣಿಗೆಯ ಬೀಗರು ಒಮ್ಮೆ ಎರಡು ಕೈಯಲ್ಲೂ ಚೀಲ ಹಿಡಿದು ಓಡಿಬರುತ್ತಿದ್ದರೂ, ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಲೇ ಸೀಟಿ ಊದಿ ಚನ್ನಗಿರಿ ಬಸ್ಸನ್ನು ಕಳಿಸಿಬಿಟ್ಟಿದ್ದರಂತೆ. ಆಮೇಲೆ ಬೀಗರನ್ನು ಮನೆಗೆ ಕರೆತಂದು ಹೋಳಿಗೆ ಊಟ ಹಾಕಿಸಿದರು, ಆ ಮಾತು ಬೇರೆ.

ಇಂಥ ಮಾವನ ಕೈಗೆ ಒಂದು ದಿನ ಡೀವೀಡಿಗಳ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಹೊನ್ನಾಳಿಯ ದಾದಾಪೀರ್ ಸಾಬರು ಸೀಡಿ, ಡೀವೀಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಜನ ಮೊಬೈಲಿನಲ್ಲೇ ಎಲ್ಲ ನೋಡುವಂತಾದ ಮೇಲೆ ಅದನ್ನು ಮುಚ್ಚಿ ಇಯರ್‌ಫೋನ್ ಅಂಗಡಿ ಮಾಡಿದರು. ಎಷ್ಟೋ ವರ್ಷ ತಮ್ಮ ಪಾರ್ಸೆಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಟ್ಟ ಮಾವನ ಉಪಕಾರಕ್ಕೆ, ಉಳಿದ ಸರಕನ್ನೆಲ್ಲ ತುಂಬಿ, ಜೊತೆಗೆ ಒಂದು ಹಳೆಯ ಪ್ಲೇಯರನ್ನೂ ಇಟ್ಟು ಕಳಿಸಿಕೊಟ್ಟರು. ಪ್ಲೇಯರಿನ ತಲೆಗೆ ಒಂದು ಪೆಟ್ಟು ಕೊಟ್ಟರೆ ಮಾತ್ರ ಬಾಯಿ ತೆರೆಯುತ್ತಿತ್ತು.

ಪೆಟ್ಟಿಗೆಯಲ್ಲಿ ಅರ್ಧ ಇಂಗ್ಲಿಷ್ ಸಾಕ್ಷ್ಯಚಿತ್ರಗಳು. ಅವನ್ನು ಯಾರೂ ಬಾಡಿಗೆಗೆ ಒಯ್ದಿರಲಿಲ್ಲವಾದ್ದರಿಂದ ಒಂದು ಗೀರೂ ಇರಲಿಲ್ಲ. ಇನ್ನರ್ಧ, ಟೀವಿ ಬಂದ ಹೊಸತರಲ್ಲಿ ಭಾನುವಾರ ಬೆಳಗ್ಗೆ ಬರುತ್ತಿದ್ದ ಒಂದು ಹಳೆಯ ಕೌಟುಂಬಿಕ ಧಾರಾವಾಹಿಯ ಇಡೀ ಸೆಟ್ಟು. ಅದರ ಹೆಸರು ನನಗೆ ನೆನಪಿಲ್ಲ. ಆ ಕಾಲದಲ್ಲಿ ಇದ್ದದ್ದೇ ಒಂದು ಧಾರಾವಾಹಿಯಾದ್ದರಿಂದ ಅದಕ್ಕೆ ಹೆಸರಿನ ಅಗತ್ಯವೂ ಬಿದ್ದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಡೀವೀಡಿಯನ್ನು ಬೇಕಾದಾಗ ಹಾಕಿ, ಬೇಡವಾದಾಗ ತೆಗೆದು, ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರು. ಮಾವ ಅದನ್ನು ಬಸ್‌ಸ್ಟ್ಯಾಂಡ್ ಮಾಡಿದರು. ಶನಿವಾರ ಸಂಜೆ ಆರಕ್ಕೆ ಸಾಕ್ಷ್ಯಚಿತ್ರ, ಭಾನುವಾರ ಬೆಳಗ್ಗೆ ಹತ್ತಕ್ಕೆ ಧಾರಾವಾಹಿಯ ಒಂದೇ ಒಂದು ಕಂತು. ಬಾಗಿಲಲ್ಲಿ ಸ್ಲೇಟು ನೇತುಹಾಕಿ ಸಮಯ ಬರೆದರು. ಹತ್ತಕ್ಕೆ ಸೀಟಿ ಬಿದ್ದರೆ ಶುರು. ತಡವಾಗಿ ಬಂದವರು ಬಿಟ್ಟದ್ದು ಬಿಟ್ಟ ಹಾಗೆಯೇ. ಹಿಂದಕ್ಕೆ ಹಾಕುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ. ರಿಮೋಟು ಯಾವಾಗಲೂ ಅವರ ಅಂಗಿಯ ಜೇಬಿನಲ್ಲಿ, ಸೀಟಿಯ ಪಕ್ಕದಲ್ಲಿ ಇರುತ್ತಿತ್ತು. ಅವರಿಗೇ ಬಚ್ಚಲಿಗೆ ಹೋಗಬೇಕಾದಾಗ ಮಾತ್ರ ಚಿತ್ರ ನಿಲ್ಲಿಸಿ, ಟೀವಿಯ ಮುಂದೆ 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂದು ಬರೆದ ಇನ್ನೊಂದು ಸ್ಲೇಟನ್ನು ಒರಗಿಸಿ ಹೋಗುತ್ತಿದ್ದರು.

"ಇದು ಯಾವ ನ್ಯಾಯ ಮಾವ?" ಎಂದು ನಾನೊಮ್ಮೆ ಕೇಳಿದೆ.

"ಡ್ರೈವರು ಟೀ ಕುಡಿಯಾಕೆ ನಿಲ್ಲಿಸಬಹುದು ಅಳಿಯಾ. ಪ್ಯಾಸೆಂಜರು ಕೇಳಿದ ಕಡೆಯೆಲ್ಲ ನಿಲ್ಲಿಸಾಕೆ ಆಗ್ತೈತಾ?" ಎಂದರು.

ಶನಿವಾರದ ಸಾಕ್ಷ್ಯಚಿತ್ರಕ್ಕೆ ಬೀದಿಯ ಅರ್ಧ ಜನ ಬರುತ್ತಿದ್ದರು. ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ. ಮಾವ ದನಿ ಕಡಿಮೆ ಮಾಡಿ ತಾವೇ ಎದ್ದು ನಿಂತು ವಿವರಿಸುತ್ತಿದ್ದರು. ಹಿಮದ ದೇಶದಿಂದ ಬಾತುಗಳು ಸಾಲಾಗಿ ಹಾರಿ ಬರುವ ಚಿತ್ರಕ್ಕೆ ಅವರ ವಿವರಣೆ ಹೀಗಿತ್ತು: "ಮುಂದೆ ಐತಲ್ಲ, ಅದು ಡ್ರೈವರು. ಅದಕ್ಕೆ ಸುಸ್ತಾದ್ರೆ ಹಿಂದಕ್ಕೆ ಹೋಗ್ತೈತೆ, ಸೆಕೆಂಡ್ ಡ್ರೈವರು ಬರ್ತೈತೆ. ನೋಡ್ರಿ, ಒಂದಾದ್ರೂ ಓವರ್‌ಟೇಕ್ ಮಾಡ್ತೈತಾ? ನಮ್ಮೋರಿಗೆ ತೋರಿಸಬೇಕು ಇದನ್ನ." ಪೆಂಗ್ವಿನ್‌ಗಳು ಗುಂಪಾಗಿ ನಿಂತದ್ದನ್ನು ಕಂಡು, "ಇವೆಲ್ಲ ಸ್ಟ್ಯಾಂಡಿಂಗು. ಸೀಟು ಸಿಕ್ಕಿಲ್ಲ," ಎಂದು ಮರುಗಿದರು. ನಾನು ಮೇಷ್ಟರೆಂಬ ಹಮ್ಮಿನಲ್ಲಿ ಏನೋ ತಿದ್ದಲು ಹೋದೆ. "ನೀನು ಶಾಲೇಲಿ ಹೇಳಪ್ಪ, ಇಲ್ಲಿ ನಾನಿದೀನಿ," ಎಂದು ಕೂರಿಸಿದರು. ನಿಜ ಹೇಳಬೇಕೆಂದರೆ, ಆ ದೊರೆಗಳ ಇಂಗ್ಲಿಷ್ ಉಚ್ಚಾರ ನನಗೂ ತಿಳಿದಿರಲಿಲ್ಲ. ಬಸ್ಸಿನ ವಿವರಣೆ ಎಷ್ಟೋ ಸ್ಪಷ್ಟವಾಗಿತ್ತು.

ಗಂಡು ಪೆಂಗ್ವಿನ್ ಕಾಲ ಮೇಲೆ ಮೊಟ್ಟೆ ಇಟ್ಟುಕೊಂಡು ನಿಂತಿತ್ತು. ಮೂಲೆಮನೆಯ ಬೀಬಮ್ಮ ಬಳೆ ವ್ಯಾಪಾರದವರು, ಬಾಯಿ ಜೋರು. "ತಾಯಿ ಎಲ್ಲಿಗೆ ಹೋಗ್ಯಾಳೆ ಹಾಲೇಶಣ್ಣ?" ಎಂದು ಕೇಳಿದರು.

"ಮೀನು ತಿನ್ನಾಕೆ ಸಮುದ್ರಕ್ಕೆ ಹೋಗೈತೆ."

"ಅಲ್ಲಿ ತನ್ಕ ಗಂಡನೇ ಕಾಯ್ಕೊಂಡು ನಿಂತಿರ್ತಾನಾ? ಉಪವಾಸ?"

ಮಾವ ಹೂಂ ಎಂದದ್ದೇ ತಡ, ಹಜಾರದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ತಮ್ಮ ತಮ್ಮ ಗಂಡಂದಿರನ್ನು ನೋಡಿದರು. ಆ ಡಿಸ್ಕು ಮತ್ತೆ ಪ್ರಸಾರವಾಗಲಿಲ್ಲ.

ಇನ್ನು ಭಾನುವಾರದ ಧಾರಾವಾಹಿ. ಇಲ್ಲಿ ಗಿರಿಜತ್ತೆಯ ಒಂದು ಹಳೆಯ ನೋವಿತ್ತು. ಈ ಧಾರಾವಾಹಿ ಮೊದಲ ಸಲ ಟೀವಿಯಲ್ಲಿ ಬಂದಾಗ ಆ ಬೀದಿಗೆಲ್ಲ ಇದ್ದದ್ದು ಮಾವನ ಮನೆಯ ಒಂದೇ ಟೀವಿ. ಅತ್ತೆ ಆಗ ಹೊಸ ಸೊಸೆ. ಬೀದಿಯ ಜನವೆಲ್ಲ ಹಜಾರದಲ್ಲಿ ಕೂತರೆ, ಟೀವಿಯಿದ್ದ ಮನೆಯ ಸೊಸೆ ಅಡುಗೆಮನೆಯಲ್ಲಿ ಅವರಿಗೆಲ್ಲ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಕರಿಯುತ್ತಿದ್ದರು. ಬಂದವರಿಗೆ ಬರಿಗೈಯಲ್ಲಿ ಟೀವಿ ತೋರಿಸಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗಾಗಿ ಅತ್ತೆ ಆ ಧಾರಾವಾಹಿಯನ್ನು ನೋಡಲಿಲ್ಲ, ಗೋಡೆಯ ಆಚೆಯಿಂದ ಕೇಳಿದರು. ದನಿಯಿಂದಲೇ ಪಾತ್ರಗಳ ಗುರುತು ಹಿಡಿಯುತ್ತಿದ್ದರು.

ಅದರಲ್ಲಿ ಸರೋಜ ಎಂಬ ಸೊಸೆ. ತುಂಬಿದ ಮನೆ, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡ ಅತ್ತೆ. ಆ ಅತ್ತೆ ಎಷ್ಟು ಬೈದರೂ ಸರೋಜ ಬಾಯಿ ತೆರೆಯುವವಳಲ್ಲ. ಒಂದು ಭಾನುವಾರ ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ತಿರುಗಿ, ಅತ್ತೆಯ ಮುಖ ನೋಡಿ ಒಂದು ಮಾತು ಹೇಳಿದಳು. ಅದೇ ಗಳಿಗೆಯಲ್ಲಿ ಗಿರಿಜತ್ತೆ ಕಾದ ಎಣ್ಣೆಗೆ ಮಿರ್ಚಿ ಬಿಟ್ಟರು. ಚೊಂಯ್! ಹಜಾರವೆಲ್ಲ "ಆಹಾ!" ಎಂದಿತು. ಅತ್ತೆ ಸೌಟು ಹಿಡಿದುಕೊಂಡೇ ಓಡಿಬಂದು "ಏನಂದ್ಲು? ಏನಂದ್ಲು?" ಎಂದರು. "ಶ್!" ಎಂದರು ಎಲ್ಲರೂ, ಅವರದೇ ಮನೆಯಲ್ಲಿ, ಅವರು ಕರಿದ ಮಿರ್ಚಿಯನ್ನೇ ತಿನ್ನುತ್ತ.

ಮುಗಿದ ಮೇಲೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಎದುರುಮನೆಯ ಶಾಂತಕ್ಕ, "ಬೀಗದ ಕೈ ನೀನೇ ಇಟ್ಕೋ, ನಂಗೆ ನನ್ ಗಂಡ ಸಾಕು ಅಂದ್ಲು," ಎಂದರು. ಬೀಬಮ್ಮ, "ಇಲ್ಲ ಇಲ್ಲ, ನಿನ್ ಮಗನ್ನೂ ನೀನೇ ಇಟ್ಕೋ ಅಂದ್ಲು," ಎಂದರು. ಶಾಂತಕ್ಕನ ಅತ್ತೆಯಂತೂ, "ಅವಳು ಏನೂ ಅನ್ಲಿಲ್ಲ. ತಪ್ಪಾತು ಅಂತ ಕಾಲಿಗೆ ಬಿದ್ಲು," ಎಂದು ಸಾಧಿಸಿದರು. ಏನೇ ಹೇಳಿದ್ದರೂ ಮುಂದಿನ ವಾರದಿಂದ ಧಾರಾವಾಹಿಯ ಆ ಅತ್ತೆ ಮೆತ್ತಗಾಗಿದ್ದಳು. ಅಂಥ ಬಲವಾದ ಮಾತು ಯಾವುದಿರಬಹುದು? ಅದು ಸಿಕ್ಕಿದ್ದರೆ ತಮ್ಮ ಅತ್ತೆಯ ಮೇಲೂ, ಅಂದರೆ ನನ್ನ ಅಜ್ಜಿಯ ಮೇಲೂ, ಒಮ್ಮೆ ಪ್ರಯೋಗ ಮಾಡಿ ನೋಡುವ ಆಸೆ ಗಿರಿಜತ್ತೆಗೆ ಇತ್ತು. ಅಜ್ಜಿ ತೀರಿಹೋದರೂ ಆಸೆ ಹಾಗೆಯೇ ಉಳಿಯಿತು. "ಆ ಮಾತು ಏನು ಅಂತ ಗೊತ್ತಾಗದೇನೇ ನನ್ನ ಅರ್ಧ ಆಯುಷ್ಯ ಹೋತು ನೋಡಪ್ಪ," ಎಂದು ನನ್ನೊಡನೆ ಹೇಳಿಕೊಂಡಿದ್ದರು. ತಮಾಷೆಗೆ ಹೇಳಿದ್ದಲ್ಲ ಅದು.

ಆದ್ದರಿಂದ ಮಾವನ ಪ್ರಸಾರ ಆ ಕಂತಿನ ಹತ್ತಿರ ಬಂದಾಗ ಅತ್ತೆ ಮೊದಲೇ ಸಾರಿದರು: "ಈ ಭಾನುವಾರ ನಾನು ಒಲೆ ಹಚ್ಚಲ್ಲ. ಎಲ್ಲರ ಮುಂದೆ, ಮುಂದಿನ ಕುರ್ಚೀಲಿ ಕೂತು ನೋಡ್ತೀನಿ." ಬೀದಿಯವರೆಲ್ಲ ಒಪ್ಪಿ, ತಿಂಡಿ ತಮ್ಮ ಮನೆಯಿಂದಲೇ ತಂದರು. ಅತ್ತೆ ಮಡಿಕೆ ಬಿಚ್ಚಿದ ಹೊಸ ಸೀರೆಯುಟ್ಟು ಬೆತ್ತದ ಕುರ್ಚಿಯಲ್ಲಿ ಕೂತರು. ಸೀಟಿ ಬಿತ್ತು. ಕಂತು ಶುರುವಾಯಿತು. ಸರೋಜ ಎಲ್ಲರಿಗೂ ಬಡಿಸಿದಳು, ಎಲೆ ಎತ್ತಿದಳು, ನೆಲ ಒರೆಸಿದಳು. ಹೊಸ್ತಿಲ ಕಡೆಗೆ ನಡೆದಳು.

"ಬೀಗ್ತೀ, ಅದೀರಾ?" ಎಂದು ಗೇಟಿನಿಂದ ದನಿ ಬಂತು.

ತ್ಯಾವಣಿಗೆಯ ಬೀಗರು! ಬಾಳೆಗೊನೆಯ ಸಮೇತ. ಬೀಗರು ಬಾಗಿಲಲ್ಲಿ ನಿಂತಾಗ ಮನೆಯೊಡತಿ ಟೀವಿ ನೋಡುತ್ತ ಕೂತಿದ್ದರೆ ಆ ಸುದ್ದಿ ಸಂಜೆಯೊಳಗೆ ತ್ಯಾವಣಿಗೆಯನ್ನೂ ದಾಟಿ ಕೆರೆಬಿಳಚಿಯವರೆಗೂ ಹೋಗುತ್ತದೆ. ಅತ್ತೆ ಮಾವನ ಕಡೆ ನೋಡಿದರು. "ಒಂಚೂರು ನಿಲ್ಲಿಸ್ರೀ."

"ಸೀಟಿ ಬಿದ್ದೈತೆ ಗಿರಿಜಾ," ಎಂದರು ಮಾವ, ಟೀವಿಯಿಂದ ಕಣ್ಣು ತೆಗೆಯದೆ.

ಅತ್ತೆ ಎದ್ದು ಕಾಲಿಗೆ ನೀರು ತರಲು ಬಚ್ಚಲಿಗೆ ಹೋದರು. ನಾನು ಬಾಳೆಗೊನೆ ಇಸಿದುಕೊಳ್ಳಲು ಗೇಟಿಗೆ ಓಡಿದೆ. ಬೀಗರು ಒಳಗೆ ಬಂದವರೇ, ಖಾಲಿಯಿತ್ತಲ್ಲ, ಅದೇ ಬೆತ್ತದ ಕುರ್ಚಿಯಲ್ಲಿ ಕೂತು ಟೀವಿ ನೋಡಿದರು. ಅತ್ತೆ ನಲ್ಲಿ ತಿರುಗಿಸಿ ಚೊಂಬಿಗೆ ನೀರು ಬಿಡುತ್ತಿದ್ದಾಗ ಹಜಾರದಿಂದ ಬೀಗರ ದನಿ ಕೇಳಿತು: "ಆಹಾ! ಭೇಷ್ ಹೇಳಿದ್ಲು ನೋಡ್ರಿ!"

ಬೀಗರು ಉಂಡು, ಮಲಗಿ, ಎದ್ದು ಹೋದ ಮೇಲೆ ಅತ್ತೆ ಮಾವನ ಮುಂದೆ ಬಂದು ನಿಂತರು. ಶಾಂತಕ್ಕ ಏನೋ ಹೇಳಲು ಬಾಯಿ ತೆರೆದರೆ, "ಯಾರೂ ಹೇಳಬ್ಯಾಡ್ರಿ. ಹೇಳಿದ್ದು ಕೇಳಿ ಕೇಳಿ ಸಾಕಾಗೈತೆ," ಎಂದರು. ಮಾವನಿಗೆ ಹೇಳಿದ್ದು ಎರಡೇ ಮಾತು: "ಹಿಂದಕ್ಕೆ ಹಾಕ್ರಿ."

"ಹೋದ ಬಸ್ಸನ್ನ ಯಾರಾದ್ರೂ ರಿವರ್ಸಲ್ಲಿ ತಗಂಡು ಬರ್ತಾರಾ? ಇವತ್ತು ನಿನಗೆ ಹಿಂದಕ್ಕೆ ಹಾಕಿದ್ರೆ ನಾಳೆ ಬೀದಿಗೆಲ್ಲ ಹಾಕಬೇಕಾಗ್ತೈತೆ."

"ಆಗಲಿ ರೀ," ಎಂದರು ಅತ್ತೆ. ಅಷ್ಟೇ. ನನಗೆ ಆಗಲೇ ಭಯವಾಯಿತು.

ಸೋಮವಾರ ಮಾವ ಎಂದಿನಂತೆ ಮಧ್ಯಾಹ್ನ ಎರಡರ ಹೊತ್ತಿಗೆ ಊಟಕ್ಕೆ ಬಂದರು. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು.

"ಊಟ?"

"ಹೋತು ರೀ."

"ಎಲ್ಲಿಗೆ ಹೋತು?"

"ಒಂದು ಗಂಟೆಗೆ ಸರಿಯಾಗಿ ಹೊರಟು ಹೋತು. ಸೀಟಿ ಊದಿದ್ನಲ್ಲ, ಕೇಳ್ಸಲಿಲ್ವಾ?"

ಮಾವ ನನ್ನ ಕಡೆ ನೋಡಿದರು. ನಾನು ಸರಿಯಾದ ಹೊತ್ತಿಗೆ ಬಂದ ಪ್ಯಾಸೆಂಜರು. ತೇಗು ಬಾರದಿರಲೆಂದು ಬೇಡಿಕೊಂಡೆ, ಬಂದೇಬಿಟ್ಟಿತು. ಮಾವ ಬೀಗರ ಬಾಳೆಹಣ್ಣು ತಿಂದು ಬಸ್‌ಸ್ಟ್ಯಾಂಡಿಗೆ ಹೋದರು.

ಮಂಗಳವಾರ ಮಾವ ಓಡುತ್ತ ಒಂದಕ್ಕೇ ಬಂದರು. ರೊಟ್ಟಿ ಬಿತ್ತು, ಪಲ್ಯ ಬಿತ್ತು. ಪಲ್ಯ ಮುಗಿದು ಇನ್ನಷ್ಟು ಕೇಳಿದರೆ, "ಪಲ್ಯದ ಸ್ಟಾಪು ಹಿಂದಕ್ಕೆ ಹೋತು ರೀ. ಈಗ ಅನ್ನ ಬಂದೈತೆ," ಎಂದು ಅತ್ತೆ ಶಾಂತವಾಗಿ ಹೇಳಿದರು. ಬೆಳಗಿನ ಬಿಸಿನೀರಿಗೂ ಅದೇ ಕಾನೂನು, ಸಂಜೆಯ ಚಹಾಕ್ಕೂ ಅದೇ. ವಾರ ಕಳೆಯುವಷ್ಟರಲ್ಲಿ ಮಾವನ ಗಮನವೆಲ್ಲ ಹೊಟ್ಟೆಯ ಕಡೆಗೇ ಆಗಿ, ಹೊನ್ನಾಳಿ ಬಸ್ಸಿಗೆ ಊದಬೇಕಾದ ಸೀಟಿಯನ್ನು ಚನ್ನಗಿರಿ ಬಸ್ಸಿಗೆ ಊದಿಬಿಟ್ಟರು. ಎರಡು ಬಸ್ಸುಗಳೂ ಬಸ್‌ಸ್ಟ್ಯಾಂಡಿನ ಬಾಯಲ್ಲಿ ಮುಖಕ್ಕೆ ಮುಖ ಹಚ್ಚಿ ನಿಂತವು. ಇಬ್ಬರು ಡ್ರೈವರುಗಳೂ ಮನೆಗೇ ಬಂದು, "ಅಕ್ಕಾ, ಏಜೆಂಟರಿಗೆ ಹೊಟ್ಟೆ ತುಂಬ ಊಟ ಹಾಕ್ರಿ," ಎಂದು ಕೈ ಮುಗಿದರು.

ಶನಿವಾರ ಸಂಜೆ ಮಾವ ನನ್ನನ್ನು ಹಿತ್ತಲಿಗೆ ಕರೆದರು. "ಅಳಿಯಾ, ಹಬ್ಬಕ್ಕೆ ಸ್ಪೆಷಲ್ ಬಸ್ಸು ಬಿಡಲ್ವಾ ನಾವು? ಅದು ಹೋದ ಬಸ್ಸು ಹಿಂದಕ್ಕೆ ಬಂದಂಗೆ ಅಲ್ಲ. ಅದು ಬೇರೆ ಬಸ್ಸು. ಹೌದಲ್ಲ?" ಎಂದರು. ಅವರ ಮುಖ ನೋಡಿ ಹೌದೆಂದೆ. ಒಳಗೆ ಹೋಗಿ ಸ್ಲೇಟಿನ ಮೇಲೆ 'ಸ್ಪೆಷಲ್' ಎಂದು ಬರೆದರು.

ಭಾನುವಾರ ಹಜಾರದಲ್ಲಿ ಅತ್ತೆ ಒಬ್ಬರೇ ಬೆತ್ತದ ಕುರ್ಚಿಯಲ್ಲಿ. ಬೀದಿಯ ಜನಕ್ಕೆ ಒಳಗೆ ಪ್ರವೇಶವಿರಲಿಲ್ಲ, ಆದರೆ ಎಲ್ಲ ಕಿಟಕಿಗಳಲ್ಲೂ ತಲೆಗಳಿದ್ದವು. ಯಾರಾದರೂ ಬೀಗರು ಬಂದರೆ ತಡೆಯಲೆಂದು ಶಾಂತಕ್ಕನ ಗಂಡನನ್ನು ಗೇಟಿನಲ್ಲಿ ನಿಲ್ಲಿಸಿದ್ದರು. ಸರೋಜ ಬಡಿಸಿದಳು, ಎಲೆ ಎತ್ತಿದಳು, ನೆಲ ಒರೆಸಿದಳು. ಹೊಸ್ತಿಲಲ್ಲಿ ನಿಂತಳು. ತಿರುಗಿದಳು.

"ಅತ್ತೆ, ನನಗೂ ಹಸಿವಾಗುತ್ತೆ," ಎಂದಳು.

ಅಷ್ಟೇ. ಬೈಗುಳವಿಲ್ಲ, ಬೀಗದ ಕೈಯ ಮಾತಿಲ್ಲ. ಗಿರಿಜತ್ತೆ ಕಿಟಕಿಯ ಕಡೆಗೆ ತಿರುಗಿ, "ಇಷ್ಟೇನಾ? ಮತ್ತೆ ನೀವೆಲ್ಲ ಏನೇನೋ ಹೇಳಿದ್ರಲ್ಲ?" ಎಂದರು. ಶಾಂತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೀಬಮ್ಮ, "ಅದು ನಮ್ಮತ್ತೆಗೆ ನಾನು ಅನ್ನಬೇಕು ಅಂತಿದ್ದ ಮಾತು ಕಣವ್ವ," ಎಂದುಬಿಟ್ಟರು. ಅತ್ತೆ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಕಣ್ಣೀರೆಲ್ಲ ನಗುವಿನದೇ ಎಂದು ನಾನು ಹೇಳಲಾರೆ.

ನಾನು ಮಾವನ ಮುಖ ನೋಡಿದೆ. ಅವರು ಆ ಕಂತನ್ನು ಟೀವಿಯಲ್ಲಿ ಒಮ್ಮೆ, ಡೀವೀಡಿಯಲ್ಲಿ ಒಮ್ಮೆ ಎದುರಿಗೇ ಕೂತು ನೋಡಿದ್ದವರು. ಆದರೆ ವಾರವೆಲ್ಲ ಅರೆಹೊಟ್ಟೆಯಲ್ಲಿದ್ದ ಆ ಮನುಷ್ಯನಿಗೆ ಮಾತು ಕೇಳಿಸಿದ್ದು ಈಗಲೇ ಮೊದಲು. "ಇನ್ನೊಂದು ಸಲ ಹಾಕ್ರಿ," ಎಂದರು ಅತ್ತೆ. ಮಾವ ಜೇಬಿನಿಂದ ರಿಮೋಟು ತೆಗೆದರು. ಹಿಂದಕ್ಕೆ ಹಾಕುವ ಗುಂಡಿಯನ್ನು ಅವರು ಎಂದೂ ಒತ್ತಿರಲಿಲ್ಲವಾದ್ದರಿಂದ ಅದು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ದನಿ ಹೆಚ್ಚಿಸಿದರು, ಬಣ್ಣ ಕೆಡಿಸಿದರು, ಸರೋಜಳ ಮೂಗಿನ ಮೇಲೆ ಯಾವುದೋ ದೇಶದ ಅಕ್ಷರ ತಂದರು. ಕೊನೆಗೆ ರಿಮೋಟನ್ನು ಅತ್ತೆಯ ಕೈಯಲ್ಲಿಟ್ಟು, "ನೀನೇ ಇಟ್ಕೋ," ಎಂದು ಹೇಳಿ ಅಡುಗೆಮನೆಗೆ ಹೋದರು. ಅಂದು ಅವರು ಮಾಡಿದ ಮಂಡಕ್ಕಿಯಲ್ಲಿ ಉಪ್ಪೇ ಇರಲಿಲ್ಲ. ಯಾರೂ ಮಾತೆತ್ತದೆ ತಿಂದೆವು.

ಮೊನ್ನೆ ಮಾವನ ಮನೆ ತಲುಪಿದಾಗ ಅತ್ತೆ, ಮಗಳು ಕೊಡಿಸಿದ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದರು. ಮಾವನೇ ಚಹಾ ತಂದುಕೊಟ್ಟರು. ಎಷ್ಟೋ ವರ್ಷಗಳಿಂದ ಮಾಡುತ್ತಿದ್ದರೂ ಅದು ಚಹಾ ಎಂದು ಅವರೇ ಹೇಳಬೇಕು.

ಸಂಜೆ ಹೊನ್ನಾಳಿಗೆ ವಾಪಸಾದೆ. ನನ್ನ ಸಂಸಾರ ಈಗ ಅಲ್ಲೇ. ಕೈಕಾಲು ತೊಳೆದು ಟೀವಿ ಹಾಕಿಕೊಂಡು ಕೂತೆ. ನಾನು ದಿನವೂ ತಪ್ಪದೆ ನೋಡುವ ಒಂದು ಧಾರಾವಾಹಿಯಿದೆ, ಮೇಷ್ಟರಾದ್ದರಿಂದ ಹೊರಗೆ ಹೇಳಿಕೊಳ್ಳುವುದಿಲ್ಲ. ಹೆಂಡತಿ ಸುಮಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ ಎಂದಿನಂತೆ ಕೇಳಿದಳು: "ಏನ್ರೀ, ಆ ಕೆಮ್ಮೋನು ಬಂದ್ನಾ ಇವತ್ತು?"

ಹೂಂ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ. ಟೀವಿಯನ್ನೂ ನಿಲ್ಲಿಸಿದೆ. "ನಿಲ್ಲಿಸಿದೀನಿ, ಬಾ ಇಲ್ಲಿ. ಕೂತು ನೋಡು," ಎಂದೆ.

"ಏನು ಒಡೆದ್ರಿ?" ಎಂದು ಗಾಬರಿಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಏನೂ ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ ಟೀವಿ ಕಡೆ ನೋಡಿ, "ಅಯ್ಯೋ! ಕೆಮ್ಮೋನು ಇವನಾ? ನಾನು ಇಷ್ಟು ದಿನ ಅವನು ಮುದುಕ ಅಂದ್ಕಂಡಿದ್ದೆ. ಎಷ್ಟು ಚೆಂದ ಅದಾನೆ!" ಎಂದು ನನ್ನ ಕುರ್ಚಿಯಲ್ಲಿ ಕೂತಳು. ಮತ್ತೆ ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ರೊಟ್ಟಿ ಸೀಯುವ ವಾಸನೆ ಬಂತು. ಅವಳು ಏಳಲು ಹೋದಳು, ನಾನು ಕೂರಿಸಿ ಒಳಗೆ ಹೋದೆ.

ಹಂಚಿನ ಮೇಲಿನ ರೊಟ್ಟಿಯನ್ನು ಬೆರಳು ಸುಟ್ಟುಕೊಳ್ಳದೆ ಮಗುಚುವುದು ಹೇಗೆಂದು ನಾನು ಯೋಚಿಸುತ್ತಿದ್ದಾಗ ಹಜಾರದಿಂದ ಸುಮಾ ಗೊಳ್ಳೆಂದು ನಕ್ಕದ್ದು ಕೇಳಿಸಿತು.

"ಏನಂದ? ಏನಂದ ಅವನು?" ಎಂದು ಕೂಗಿದೆ.

"ಸುಮ್ನಿರ್ರೀ," ಎಂದಳು. "ಕೇಳ್ಸಲ್ಲ."